ಮಾವನ ಮೂಗು ಮತ್ತು ಚಿಮಣಿಯ ಹೊಟ್ಟೆ

ನಮ್ಮ ಮಾವನ ಮೂಗಿಗೆ ಪ್ರತ್ಯೇಕವಾಗಿ ಒಂದು ರೇಷನ್ ಕಾರ್ಡ್ ಮಾಡಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಅವರದೊಂದು ಆಳಾದರೆ ಆ ಮೂಗಿನದು ಇನ್ನೊಂದು ಆಳು! ಉಡುಪಿ ಕಡೆಯಿಂದ ಚೆನ್ನೈಗೆ ಬಂದು ಜೀವಮಾನವಿಡೀ ಹೋಟೆಲಿನ ಒಲೆಯ ಮುಂದೆ ನಿಂತ ನನ್ನ ಈ ಸೋದರಮಾವ ಸಾಂಬಾರನ್ನು ನಾಲಿಗೆಗೆ ಮುಟ್ಟಿಸಿ ನೋಡಿದವರೇ ಅಲ್ಲ. "ರುಚಿ ನೋಡುವವ ಗಿರಾಕಿ, ಮೂಸುವವ ಭಟ್ಟ" ಎಂಬುದು ಅವರ ವೇದವಾಕ್ಯ. ಕೋಯಂಬೇಡು ತರಕಾರಿ ಮಾರುಕಟ್ಟೆಯಲ್ಲಿ ಒಮ್ಮೆ ಅವರು ಒಂದೊಂದೇ ಬದನೆಕಾಯಿ ಮೂಸಿ ಚೀಲಕ್ಕೆ ಹಾಕುವುದನ್ನು ನೋಡಿ ಅಂಗಡಿಯವನು, "ಸಾಮಿ, ಅದು ಕತ್ತರಿಕ್ಕಾಯ್, ಮಲ್ಲಿಪ್ಪೂ ಇಲ್ಲೆ!" ಎಂದು, ಮಲ್ಲಿಗೆ ಹೂವೇನೂ ಅಲ್ಲವಲ್ಲ ಎಂಬಂತೆ ಕೈ ಮುಗಿದ. ಮಾವ ಬಿಟ್ಟಾರೆಯೇ? ಮುಗಿದ ಕೈಯನ್ನೂ ಮೂಸಿ, "ಬೆಳಿಗ್ಗೆ ಈರುಳ್ಳಿ ಉಪ್ಪಿಟ್ಟು ತಿಂದಿದ್ದಾನೆ" ಎಂದು ನನಗೆ ವರದಿ ಒಪ್ಪಿಸಿದರು.

ಇಂಥವರ ಕೀಲ್ಪಾಕ್ ಫ್ಲಾಟಿಗೆ ಸೊಸೆ ಚಿಮಣಿ ತರಿಸಿದಳು. ಹೊಗೆ ಹೊರಗೆ ಹೋಗಲು ಗೋಡೆ ಕೊರೆಯುವುದಕ್ಕೆ ಅಪಾರ್ಟ್‌ಮೆಂಟಿನ ಸಂಘ ಒಪ್ಪಲಿಲ್ಲ, ಕಟ್ಟಡದ ಅಂದ ಕೆಡುತ್ತದಂತೆ! ಹಾಗಾಗಿ ಕೊಳವೆಯಿಲ್ಲದ ಚಿಮಣಿ. ಅದರ ಹೊಟ್ಟೆಯೊಳಗೆ ಮೋಟಾರಿನ ಎರಡೂ ಬದಿಗೆ ಇದ್ದಲು ತುಂಬಿದ ದುಂಡನೆಯ ಕಾರ್ಬನ್ ಫಿಲ್ಟರುಗಳು. ಅವು ವಾಸನೆಯನ್ನು ಹೀರಿಕೊಂಡು ಗಾಳಿಯನ್ನು ಅಡುಗೆಮನೆಗೇ ವಾಪಸು ಬಿಡುತ್ತವೆ. ಕಾಲದ ಮಹಿಮೆ ನೋಡಿ: ಒಗ್ಗರಣೆಯ ಘಮ ಓಡಿಸಲು ಒಂದು ಯಂತ್ರ, ಆಮೇಲೆ ಖಾಲಿ ಬಿದ್ದ ಮನೆಗೆ ಮಲ್ಲಿಗೆಯ ಪರಿಮಳ ಸಿಂಪಡಿಸಲು ಒಂದು ಬಾಟಲಿ!

"ಇಂಗಿನ ವಾಸನೆ ಬಾರದ ಮನೆಗೆ ನೆಂಟರು ಎಂಥಕ್ಕೆ ಬರ್ಬೇಕು ಮಾರಾಯ?" ಎಂದು ಮಾವ ಅಂದೇ ಯುದ್ಧ ಸಾರಿದರು.

ಮೊದಲ ವಾರವೇ ಫಿಲ್ಟರುಗಳನ್ನು ಕಳಚಿ, ಸೀಗೆಪುಡಿ ಹಾಕಿ ತಿಕ್ಕಿ, ತಾರಸಿಯ ಮೇಲೆ ಅತ್ತೆಯ ಹಪ್ಪಳಗಳ ಪಕ್ಕ ಒಣಗಲಿಟ್ಟರು. ತೊಳೆಯುವ ವಸ್ತುವೇ ಅದು? ಹಳತಾದರೆ ಬದಲಿಸಬೇಕು, ಅಷ್ಟೆ. ಕೇಳಿದರೆ, "ಕುಡಿದ ಘಮ ಕಕ್ಕಲಿ ಅಂತ ತೊಳೆದದ್ದು" ಎಂದರು. ಘಮ ಕಕ್ಕಲಿಲ್ಲ, ಮಸಿ ಕಕ್ಕಿತು! ಆ ವರ್ಷದ ಉದ್ದಿನ ಹಪ್ಪಳವನ್ನು ನಾವೆಲ್ಲ ರಾಗಿ ಹಪ್ಪಳವೆಂದೇ ತಿಂದೆವು.

ಸೊಸೆ ಹೊಸ ಫಿಲ್ಟರು ಹಾಕಿಸಿದಳು. ಅಷ್ಟರಲ್ಲಿ ಮಾವ ಜ್ವರ ಬಂದು ಮಲಗಿದರು. ಎದ್ದ ಮೇಲಂತೂ ಚಿಮಣಿಗೆ ಬೈಗುಳ ಇಮ್ಮಡಿಯಾಯಿತು. ಜೊತೆಗೆ ಹೊಸ ಚಾಳಿಯೊಂದು ಶುರುವಾಯಿತು: ಅವರು ಒಗ್ಗರಣೆ ಹಾಕುವಾಗ ಅತ್ತೆ ಪಕ್ಕದಲ್ಲೇ ನಿಲ್ಲಬೇಕು. ಟಿವಿಯಲ್ಲಿ ಧಾರಾವಾಹಿಯ ನಾಯಕಿ ಸಾಯುತ್ತಿದ್ದರೂ ಸರಿ, ಎದ್ದು ಬರಬೇಕು!

"ಅಡುಗೆಗೆ ಒಂದು ಸಾಕ್ಷಿ ಬೇಕು" ಎನ್ನುತ್ತಿದ್ದರು ಮಾವ.

"ಅಗ್ನಿಸಾಕ್ಷಿಯಾಗಿ ಕಟ್ಟಿಕೊಂಡದ್ದು ಸಾಲದಾ? ಈಗ ಅಗ್ನಿಗೇ ನಾನು ಸಾಕ್ಷಿಯಾ?" ಎಂದು ಗೊಣಗುತ್ತಲೇ ಅತ್ತೆ ಹೋಗಿ ನಿಲ್ಲುತ್ತಿದ್ದರು.

ಇಂಜಿನಿಯರಿಂಗ್ ಓದಿದ ತಪ್ಪಿಗೆ ನೆಂಟರಿಷ್ಟರ ಮಿಕ್ಸಿ, ಫ್ಯಾನುಗಳಿಗೆಲ್ಲ ನಾನೇ ವಾರಸುದಾರ. ಕಳೆದ ಭಾನುವಾರ, "ಇವತ್ತು ಫಿಲ್ಟರ್ ಚೇಂಜ್ ಮಾಡಿಕೊಡಿ, ಮಾವನ ಕಂಪ್ಲೇಂಟ್ ಕೇಳಿ ಸಾಕಾಯ್ತು" ಎಂದು ಸೊಸೆ ಫೋನ್ ಮಾಡಿದಳು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನು ಹತ್ತಿ ಹೋದೆ. ಲಿಫ್ಟಿನಲ್ಲಿರುವಾಗಲೇ ಹುರಿದ ಕೊತ್ತಂಬರಿಯ ಘಮಕ್ಕೆ ನನ್ನ ಹೊಟ್ಟೆ ಗುರ್ರೆಂದಿತು. ಒಳಗೆ ಮಾವ ಗುಡುಗುತ್ತಿದ್ದರು.

"ಒಂದು ಚೂರಾದ್ರೂ ಘಮ ಉಂಟಾ? ಎಲ್ಲ ಆ ರಾಕ್ಷಸನೇ ನುಂಗಿದ್ದು!"

ಅದೇ ಹೊತ್ತಿಗೆ ಎದುರು ಮನೆಯಾಕೆ ಬಟ್ಟಲು ಹಿಡಿದು ಬಂದಳು. "ಮಾಮಿ, ಸಾಂಬಾರ್ ವಾಸನೈ ಎಂಗ ವೀಡು ವರೈಕ್ಕುಂ ವರುದು!"

ಎದುರು ಮನೆಯವರೆಗೂ ಹೋದ ವಾಸನೆ ಮಾವನ ಮೂಗಿಗೆ ಮಾತ್ರ ಯಾಕೆ ಬರಲಿಲ್ಲ? ಮಾವ ಸ್ನಾನಕ್ಕೆ ಹೋದ ಮೇಲೆ ಸ್ವಿಚ್ ಆರಿಸಿ, ಚಿಮಣಿಯ ಜಾಲರಿ ಕಳಚಿ ನೋಡಿದೆ. ಮೋಟಾರಿನ ಎರಡೂ ಬದಿ ಖಾಲಿ! ಅಲ್ಲಿ ಫಿಲ್ಟರೇ ಇರಲಿಲ್ಲ.

"ನಾನೇ ತೆಗೆದಿಟ್ಟದ್ದು ಮಗಾ" ಎಂದರು ಹಿಂದೆ ನಿಂತಿದ್ದ ಅತ್ತೆ, ತಗ್ಗಿದ ದನಿಯಲ್ಲಿ. "ಸ್ವಲ್ಪ ಘಮ ಸಿಗಲಿ ಇವರಿಗೆ ಅಂತ. ಸಿಗ್ಲಿಲ್ಲ. ಆ ಜ್ವರದ ಮೇಲೆ ಮೂಗು ಹೋದದ್ದು ಹೋಗಿಯೇ ಬಿಟ್ಟಿತು. ಬಾಯಿ ಬಿಟ್ಟು ಹೇಳುವ ಜನವಾ ಇವರು? ನೀನು ಹೊಸತು ಹಾಕು. ಬೈಲಿಕ್ಕಾದ್ರೂ ಒಂದು ಇರ್ಲಿ."

ನಾನು ಸೊಸೆ ತರಿಸಿಟ್ಟಿದ್ದ ಹೊಸ ಫಿಲ್ಟರುಗಳನ್ನು ತಿರುಗಿಸಿ ಕೂರಿಸಿದೆ.

ಮಾವ ಬಂದು ಒಗ್ಗರಣೆಗೆ ಎಣ್ಣೆ ಇಟ್ಟರು. "ಬಾ ಇವಳೇ" ಎಂದರು. ಅತ್ತೆ ಬಂದು ನಿಂತರು. ಈ ನಾಟಕಕ್ಕೆ ಪ್ರತಿ ಸಲ ನಗುತ್ತಿದ್ದ ನಾನು ಅಂದು ಕಣ್ಣಿಟ್ಟು ನೋಡಿದೆ. ಸಾಸಿವೆ ಸಿಡಿಯಿತು, ಕರಿಬೇವು ಬಿತ್ತು, ಇಂಗು ಬಿತ್ತು. ಮಾವ ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ. ಅವರು ನೋಡುತ್ತಿದ್ದುದು ಅತ್ತೆಯ ಮೂಗನ್ನು. ಅತ್ತೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ತಕ್ಷಣ ಮಾವ ಒಲೆ ಆರಿಸಿದರು.

"ಆಯ್ತಲ್ಲ?"

"ಆಯ್ತು."

ಮಾವ ತಲೆಯೆತ್ತಿ ಚಿಮಣಿಯನ್ನು ದುರುಗುಟ್ಟಿದರು. "ಹೊಸತು ಹಾಕಿದ್ಯಾ? ನೋಡು, ಒಂದು ಚೂರೂ ಘಮ ಇಲ್ಲ!"

"ಹೌದು ಮಾವ, ಇದು ಮೊದಲಿನದಕ್ಕಿಂತ ಜೋರು. ಪೂರಾ ನುಂಗ್ತದೆ" ಎಂದೆ.

"ನಾನು ಹೇಳ್ಲಿಲ್ವಾ!" ಎಂದು ಮಾವ ಗೆದ್ದವರಂತೆ ನಕ್ಕು, ಸಾಂಬಾರಿನ ಮೊದಲ ಸೌಟನ್ನು ಅತ್ತೆಗೆ ಬಡಿಸಿದರು.