ನಮ್ಮ ಭಾವನ ಕೊರಿಯಾ ಕಸರತ್ತು

ಒಲಿಂಪಿಕ್ಸಿನಲ್ಲಿ ಸುಮ್ಮನೆ ಕೂತಿರುವುದಕ್ಕೂ ಒಂದು ಪದಕ ಇಟ್ಟಿದ್ದರೆ ಅದು ಎಂದೋ ನಮ್ಮ ಕಾಕ್ಸ್ ಟೌನಿಗೆ ಬಂದುಬಿಡುತ್ತಿತ್ತು. ತರುತ್ತಿದ್ದವರು ನಮ್ಮ ಭಾವ. ಅಲ್ಲ, ತಪ್ಪು ಹೇಳಿದೆ. ಪದಕ ತರಬೇಕಾದರೆ ಎದ್ದು ಹೋಗಬೇಕಲ್ಲ! ಅವರು ಕೂತಲ್ಲಿಂದಲೇ "ಕೊರಿಯರ್ ಮಾಡಿಬಿಡಿ" ಅನ್ನುತ್ತಿದ್ದರು.

ಭಾವ ಅಂದರೆ ನಮ್ಮಕ್ಕನ ಗಂಡ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ವರಾಂಡದ ಬೆತ್ತದ ಕುರ್ಚಿಯೇ ಅವರ ಖಾಯಂ ವಿಳಾಸ. ಬೆಳಗಿನ ಪೇಪರು, ಹತ್ತು ಗಂಟೆಯ ಕಾಫಿ, ಮಧ್ಯಾಹ್ನದ ತೂಕಡಿಕೆ, ಸಂಜೆಯ ಮ್ಯಾಚು, ಎಲ್ಲವೂ ಅದರಲ್ಲೇ. ಟೀವಿಯಲ್ಲಿ ಯಾರಾದರೂ ಕ್ಯಾಚ್ ಬಿಟ್ಟರೆ, "ಥೂ ಸೋಮಾರಿ! ಎರಡು ಹೆಜ್ಜೆ ಓಡೋಕಾಗಲ್ವೇನೋ ನಿಂಗೆ?" ಎಂದು ಬೈಯುತ್ತಾರೆ. ಬೈದಾದ ಮೇಲೆ, ಕೈಗೆಟುಕುವ ಸ್ಟೂಲಿನ ಮೇಲಿರುವ ರಿಮೋಟಿಗಾಗಿ ಅಡುಗೆಮನೆಯಲ್ಲಿರುವ ಅಕ್ಕನನ್ನು ಕೂಗುತ್ತಾರೆ! ಆಟ, ಓಟ, ಕಸರತ್ತಿಗೆ ಸಂಬಂಧಪಟ್ಟ ಇಂಗ್ಲಿಷ್ ಪದಗಳಲ್ಲಿ ಅವರ ತಲೆಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಅವರ ಮೈಗೆ ಗೊತ್ತಿರುವುದೂ ಒಂದೂ ಇಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಭಾವನಿಗೆ ಸಕ್ಕರೆ ಕಾಯಿಲೆ. ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳಿಗೆ ಆದ ಒಂದು ಸಣ್ಣ ಗಾಯ ದೀಪಾವಳಿ ಬಂದರೂ ಮಾಯಲಿಲ್ಲ. ಕೊನೆಗೆ ಹೇಗೋ ಮಾಯ್ದಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಸರ್, ದಿನಾ ನಡೀರಿ. ಮೈಯನ್ನ ಹೀಗೇ ಬಿಟ್ರೆ, ಮುಂದಿನ ಸಲ ನಾವು ಬೆರಳಿನ ಮಾತಾಡಲ್ಲ, ಕಾಲಿನ ಮಾತಾಡ್ತೀವಿ."

ಭಾವ ಹೆದರಿದರೇ? "ಡಾಕ್ಟ್ರೇ, ನಡಿಗೆಗೆ ಇಂಗ್ಲಿಷಿನಲ್ಲಿ ಎಷ್ಟು ಪದ ಇದೆ ಗೊತ್ತಾ ನಿಮ್ಗೆ? ಸ್ಟ್ರೋಲ್, ಆಂಬಲ್, ಟ್ರಡ್ಜ್... ಒಂದೊಂದಕ್ಕೂ ಒಂದೊಂದು ಅರ್ಥ!"

"ಯಾವುದಾದ್ರೂ ಒಂದು ಮಾಡಿ ಸರ್" ಎಂದರು ಡಾಕ್ಟರು.

ಭಾವ ಮನೆಗೆ ಬಂದು ಕೂತರು. ಅಕ್ಕ ಬೈದಳು, ಅತ್ತಳು, ಮಾತು ಬಿಟ್ಟಳು. ಮಾತು ಬಿಟ್ಟಿದ್ದರಿಂದ ಅವರಿಗೆ ಮ್ಯಾಚು ನೋಡಲು ಇನ್ನೂ ಅನುಕೂಲವಾಯಿತು! ಒಂದು ಮಧ್ಯಾಹ್ನ ನಾನು ಹೋದಾಗ ಭಾವ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು. ಅಕ್ಕ ನೆಲದ ಮೇಲೆ ಕೂತು, ಕನ್ನಡಕವನ್ನು ಹಣೆಗೇರಿಸಿಕೊಂಡು, ಅವರ ಅಂಗಾಲನ್ನು ತೀರಾ ಹತ್ತಿರದಿಂದ ನೋಡುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ. ನನ್ನನ್ನು ಕಂಡು ತಟ್ಟನೆ ಎದ್ದು, "ಹುಳಿ ತಂದ್ಯಾ?" ಎಂದಳು. ನಾನೂ ಹುಳಿಯ ಮಾತನ್ನೇ ಆಡಿದೆ.

ಹೀಗಿರುವಾಗ ಅವರ ಮಹಡಿಯ ಮನೆಗೆ ಕೊರಿಯಾದ ದಂಪತಿ ಬಾಡಿಗೆಗೆ ಬಂದರು. ಗಂಡ ಯಾವುದೋ ಕಂಪನಿಯ ಇಂಜಿನಿಯರು. ಹೆಂಡತಿಯ ಹೆಸರು ಸೋಯನ್. ಅವರ ಊರಿನಲ್ಲಿ ವ್ಯಾಯಾಮ ಹೇಳಿಕೊಡುವ ಕೆಲಸ ಮಾಡುತ್ತಿದ್ದವಳು. ಇಲ್ಲಿ ಇಡೀ ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ಇರುತ್ತಿದ್ದಳು. ಇಂದಿರಾನಗರದ ಒಂದು ಜಿಮ್ಮಿನವರು, "ನೀವು ಇಂಗ್ಲಿಷಿನಲ್ಲಿ ಕ್ಲಾಸ್ ನಡೆಸೋದಾದ್ರೆ ಬನ್ನಿ" ಎಂದಿದ್ದರಂತೆ. ಮೈಗೆ ಎಲ್ಲಾ ಗೊತ್ತು, ಬಾಯಿಗೆ ಒಂದೂ ಗೊತ್ತಿಲ್ಲ. ನಮ್ಮ ಭಾವನಿಗೆ ಸರಿಯಾಗಿ ಉಲ್ಟಾ! ಪಾಠ ಹೇಳುತ್ತೀರಾ ಎಂದು ಅಕ್ಕನ ಮೂಲಕ ಕೇಳಿಸಿದಳು. ಶಿಷ್ಯರಿಲ್ಲದೆ ಬಾಯಿ ಒಣಗಿಹೋಗಿದ್ದ ಭಾವ ಒಪ್ಪದೆ ಇರುತ್ತಾರೆಯೇ?

ಮೊದಲ ದಿನವೇ ಮೇಷ್ಟ್ರು ಬೆಚ್ಚಿಬಿದ್ದರು. ಊರಿನಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ ಆಕೆ, "ಎವ್ರಿ ಡೇ ಐ ಗೋ ಹೆಲ್ತ್. ಹೆಲ್ತ್ ಈಸ್ ಸೆಕೆಂಡ್ ಫ್ಲೋರ್" ಎಂದಳಂತೆ. ಆರೋಗ್ಯ ಎರಡನೇ ಮಹಡಿಯಲ್ಲಿದೆಯೇ? ಕೊರಿಯಾದವರು ಜಿಮ್ಮಿಗೇ 'ಹೆಲ್ತ್' ಅನ್ನುತ್ತಾರೆ ಎಂದು ತಿಳಿಯುವ ಹೊತ್ತಿಗೆ ಒಂದು ಲೋಟ ಕಾಫಿ ಮುಗಿದಿತ್ತು. ಟ್ರೆಡ್‌ಮಿಲ್ಲಿಗೆ ಅವರು 'ರನ್ನಿಂಗ್ ಮೆಷಿನ್' ಅನ್ನುತ್ತಾರಂತೆ. "ಆ ಪದ ವಾಸಿ ಕಣೇ, ಕೇಳಿದ್ರೆ ಅರ್ಥ ಆಗುತ್ತೆ" ಎಂದು ಭಾವ ಅಕ್ಕನ ಹತ್ತಿರ ಮೆಚ್ಚಿಕೊಂಡರು.

ಇಲ್ಲಿಯವರೆಗೆ ಎಲ್ಲವೂ ಕುರ್ಚಿಯಲ್ಲೇ ನಡೆದಿತ್ತು.

ಮುಂದಿನ ಮಂಗಳವಾರ ನಾನು ಹುಳಿಯ ಡಬ್ಬಿ ಹಿಡಿದು ಹಲಸೂರಿನ ನಮ್ಮ ಮನೆಯಿಂದ ಹೋಗುತ್ತೇನೆ, ಕಾಂಪೌಂಡ್ ಗೋಡೆಯ ಮೇಲೆ ನಾಲ್ಕು ಕೈಗಳು ಆಕಾಶಕ್ಕೆ ಚಾಚಿಕೊಂಡು ನಿಂತಿವೆ! ಅವುಗಳಲ್ಲಿ ಎರಡು ನಮ್ಮ ಭಾವನವು. ವಾಚಿನಿಂದ ಗುರುತು ಹಿಡಿದೆ. ಕಳ್ಳರು ಪಿಸ್ತೂಲು ತೋರಿಸಿ ಕೈ ಎತ್ತಿಸಿದ್ದಾರೆ, ಮತ್ತೇನು? ಭಾವ ತಾವಾಗಿಯೇ ಕೈ ಎತ್ತುವುದುಂಟೇ! ಡಬ್ಬಿಯನ್ನೇ ಆಯುಧವಾಗಿ ಹಿಡಿದು ಗೇಟು ತಳ್ಳಿ ನುಗ್ಗಿದರೆ, ಅಲ್ಲಿ ಕಳ್ಳರಿಲ್ಲ. ಭಾವ ನಿಂತಿದ್ದಾರೆ. ನಿಂತಿದ್ದಾರೆ! ಎದುರಿಗೆ ಸೋಯನ್.

"ಸ್ಟ್ರೆಚ್" ಎಂದರು ಭಾವ, ಹಲ್ಲು ಕಚ್ಚಿಕೊಂಡು.

"ಸ್ಟ್ರೆಚ್" ಎಂದಳು ಆಕೆ, ನಗುತ್ತಾ.

ಅಕ್ಕ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ವಿವರಿಸಿದಳು. "ಅವರ ದೇಶದಲ್ಲಿ ಊಟಕ್ಕೆ ಕೂತ್ರೆ ಹಿರಿಯರು ಚಮಚ ಎತ್ತೋ ತನಕ ಚಿಕ್ಕೋರು ಮುಟ್ಟಲ್ವಂತೆ ಕಣೇ. ಈಗ ಪಾಠ ಕಸರತ್ತಿನ ಪದಗಳದ್ದಲ್ವಾ, ಕಸರತ್ತಿಗೂ ಹಂಗೇ ಅಂತೆ. ಗುರುಗಳು ಶುರು ಮಾಡದೆ ಶಿಷ್ಯೆ ಕೈ ಎತ್ತಂಗಿಲ್ಲ. ಇವ್ರು 'ನೀನು ಮಾಡಮ್ಮಾ' ಅಂದ್ರೆ 'ಸರ್ ಫಸ್ಟ್' ಅಂತ ಬಗ್ಗಿ ನಮಸ್ಕಾರ ಮಾಡಿ ನಿಂತ್ಕೊತಾಳೆ. ಇವ್ರು ತಾನೇ ಏನ್ಮಾಡ್ತಾರೆ ಪಾಪ?"

ಎಂಥ ಪದ್ಧತಿ! ಇಂಥದ್ದೊಂದು ಪದ್ಧತಿ ನಮ್ಮಲ್ಲಿ ಇಲ್ಲದೆ ಹೋಯಿತಲ್ಲ ಎಂದು ನನಗೆ ಅನ್ನಿಸಿತು.

ಆಮೇಲಿನದನ್ನು ಏನು ಹೇಳಲಿ? 'ಬೆಂಡ್' ಪದಕ್ಕೆ ಭಾವ ಬಗ್ಗಿದರು. 'ಟ್ವಿಸ್ಟ್' ಪದಕ್ಕೆ ತಿರುಚಿಕೊಂಡರು. 'ಬ್ಯಾಲೆನ್ಸ್' ಪದಕ್ಕೆ ಒಂಟಿಕಾಲಿನಲ್ಲಿ ನಿಂತು, ಸೀಬೆ ಗಿಡವನ್ನು ಹಿಡಿದು, ಗಿಡದ ಕೊಂಬೆ ಮುರಿದರು. 'ಸ್ಕ್ವಾಟ್' ದಿನ ಮಾತ್ರ ಅನಾಹುತವಾಯಿತು. ಭಾವ ವರಾಂಡದಲ್ಲಿ ಕುಕ್ಕರಿಸಿದರು, ಏಳಲಾಗಲಿಲ್ಲ. ಗುರುಗಳು ಎದ್ದಿಲ್ಲವಲ್ಲ, ಶಿಷ್ಯೆಯೂ ಏಳಲಿಲ್ಲ! ಇಬ್ಬರೂ ಎದುರುಬದುರು ಕುಕ್ಕರಗಾಲಲ್ಲಿ, ಜೂಜಿಗೆ ಕೂತವರ ಹಾಗೆ, ಮಾತಿಲ್ಲದೆ ಕೂತಿದ್ದಾರೆ. ಮನೆಗೆಲಸದ ಶರಣಮ್ಮ, ರಾಯಚೂರು ಕಡೆಯವಳು, ಬಕೆಟ್ಟು ಹಿಡಿದು ಬಂದು ನೋಡಿ ದಂಗಾಗಿ ನಿಂತಳು.

"ಏನ್ರೀ ಸರ, ಏನರ ಕಳಕೊಂಡೀರೇನು? ಹುಡುಕ್ಲೇನು?"

"ಸ್ಕ್ವಾಟ್ ಮಾಡ್ತಿದೀವಿ ಶರಣಮ್ಮ."

"ಮಾಡೂದು ಸಾಕ್ರೀ, ಏಳ್ರಿ. ನಾ ನೆಲಾ ಒರಸೂದೈತಿ."

ಎದ್ದೇಳಲು ಆಗುತ್ತಿಲ್ಲವೆಂದು ಒಪ್ಪಿಕೊಳ್ಳಲು ಭಾವನಿಗೆ ಮರ್ಯಾದೆ ಅಡ್ಡ ಬಂತು. ಶರಣಮ್ಮನಿಗೆ ಅಂಥದ್ದೇನೂ ಇರಲಿಲ್ಲ. ಬಕೆಟ್ಟು ಕೆಳಗಿಟ್ಟು, ಹಿಂದಿನಿಂದ ಕಂಕುಳಿಗೆ ಕೈ ಹಾಕಿ, "ಹ್ಞೂಂ!" ಎಂದು ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದಳು. ಸೋಯನ್ ಕಣ್ಣರಳಿಸಿ, "ಸರ್, ದಿಸ್ ಈಸ್ ವಾಟ್?" ಎಂದು ಕೇಳಿದಳು. "ವೇಟ್ ಲಿಫ್ಟಿಂಗ್" ಎಂದರು ಭಾವ, ಅಂಥ ಹೊತ್ತಿನಲ್ಲೂ ಮೇಷ್ಟ್ರಾಗಿಯೇ!

ಅತಿ ದೊಡ್ಡ ಆಘಾತ ಇನ್ನೂ ಬಾಕಿ ಇತ್ತು. ಒಂದು ಬೆಳಿಗ್ಗೆ ನಾನು ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ಸೊಪ್ಪಿನ ಗಾಡಿಯ ಮುಂದೆ ನಿಂತು ದಂಟಿನ ಸೊಪ್ಪು ಆರಿಸುತ್ತಿದ್ದೆ. ದೂರದಲ್ಲಿ ಯಾರೋ ದಪ್ಪನೆಯ ಹಿರಿಯರು, ನೀಲಿ ಪ್ಯಾಂಟು, ಬಿಳಿ ಬೂಟು, ಏದುಸಿರು ಬಿಡುತ್ತಾ ಓಡಿಬರುತ್ತಿದ್ದರು. ಪಾಪ, ಬಸ್ಸು ತಪ್ಪಿರಬೇಕು ಅಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ಭಾವ! ಕೈಯಲ್ಲಿದ್ದ ಸೊಪ್ಪಿನ ಕಟ್ಟು ನೆಲಕ್ಕೆ ಬಿತ್ತು. ಅವರ ಹಿಂದೆಯೇ ಸೋಯನ್, ಮುಷ್ಟಿ ಬಿಗಿದು ಮೇಲೆತ್ತಿ, "ಫೈಟಿಂಗ್! ಸರ್, ಫೈಟಿಂಗ್!" ಎಂದು ಕೂಗುತ್ತಾ ಬರುತ್ತಿದ್ದಾಳೆ.

ಒಂದು ಆಟೋ ಗಕ್ಕನೆ ನಿಂತಿತು. "ಅಂಕಲ್, ಹತ್ಕೊಳಿ ಹತ್ಕೊಳಿ! ಯಾಕೆ ಹೊಡ್ಯೋಕ್ ಬರ್ತಿದಾಳೆ ಆ ಮೇಡಮ್ಮು?"

"ಇಲ್ಲಪ್ಪಾ..." ಭಾವ ಮಂಡಿಗೆ ಕೈಯೂರಿ ಉಸಿರು ಹುಡುಕಿಕೊಂಡರು. "ಅವರ ದೇಶದಲ್ಲಿ... ಪ್ರೋತ್ಸಾಹ ಕೊಡೋಕೆ... ಹಂಗಂತಾರೆ."

"ಓ, ಪ್ರೋತ್ಸಾಹಾನಾ? ನಮ್ಮನೇಲೂ ದಿನಾ ಕೊಡ್ತಾರೆ ಸಾರ್" ಎಂದು ಆಟೋದವನು ಹೊರಟುಹೋದ.

ಹೀಗೆ ಪದಗಳು ಆಕೆಯ ಬಾಯಿಗೆ ಹತ್ತಿದವು, ಮಾಂಸಖಂಡಗಳು ಭಾವನಿಗೆ. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಇದು ಇವರದ್ದೇನಾ ಎಂದು ಹೆಸರನ್ನು ಮತ್ತೊಮ್ಮೆ ಓದಿಕೊಂಡರಂತೆ. ಆದರೆ ಅಕ್ಕನ ಮುಖ ಮಾತ್ರ ಪೂರ್ತಿ ತಿಳಿಯಾಗಲಿಲ್ಲ. "ಅವಳಿಗೆ ಕೆಲಸ ಸಿಕ್ರೆ ಪಾಠ ನಿಲ್ಲುತ್ತೆ. ಪಾಠ ನಿಂತ್ರೆ ಇವ್ರು ಮತ್ತೆ ಕೂತ್ಕೊತಾರೆ" ಎಂದು ಒಂದು ದಿನ ಪಾತ್ರೆ ಒರೆಸುತ್ತಾ ಹೇಳಿದಳು. ಒರೆಸಿದ ಪಾತ್ರೆಯನ್ನು ಕೆಳಗಿಟ್ಟು, "ಆದ್ರೂ ಅವಳಿಗೆ ಕೆಲಸ ಸಿಗ್ಲಿ ಕಣೇ. ಇಡೀ ದಿನ ಒಬ್ಬಳೇ ಇರ್ತಾಳೆ" ಎಂದಳು.

ಜಿಮ್ಮಿನವರು ಪರೀಕ್ಷೆಗೆ ಕರೆದೇಬಿಟ್ಟರು. ಅವರ ಸದಸ್ಯರಿಗೆ ಒಂದು ಕ್ಲಾಸು ನಡೆಸಿ ತೋರಿಸಬೇಕು. ಸರ್ ಬರದೆ ತಾನು ಹೋಗುವುದಿಲ್ಲ ಎಂದು ಸೋಯನ್ ಹಟ ಹಿಡಿದಳು. ಭಾವನನ್ನು ನೋಡಿಕೊಳ್ಳಲು ಅಕ್ಕ ನನ್ನನ್ನು ಜೊತೆಗೆ ಕಳಿಸಿದಳು.

ಇಂದಿರಾನಗರದ ಆ ಜಿಮ್ಮಿನಲ್ಲಿ ಗೋಡೆಗೆಲ್ಲಾ ಕನ್ನಡಿ. ಎತ್ತ ನೋಡಿದರೂ ತೆಳ್ಳಗಿನ ಹುಡುಗ ಹುಡುಗಿಯರು, ಅವರ ನಡುವೆ ಮುಂದಿನ ಸಾಲಿನಲ್ಲಿ ನಮ್ಮ ಭಾವ, ಮಲ್ಲಿಗೆಯ ಮೊಗ್ಗಿನ ರಾಶಿಗೆ ಕುಂಬಳಕಾಯಿ ಬಿದ್ದ ಹಾಗೆ. ಸೋಯನ್ ಎದುರಿಗೆ ಬಂದು ನಿಂತಳು. "ಹಲೋ" ಎಂದಳು. ಅಷ್ಟೇ! ಮುಂದೆ ಒಂದು ಪದ ಹೊರಡಲಿಲ್ಲ. ಕೆನ್ನೆ ಕೆಂಪಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಾವ ಈಗ ಮುಂದೆ ಬಂದು ಭಾಷಣ ಬಿಗಿಯುತ್ತಾರೆ ಎಂದು ನಾನು ಹೆದರಿದೆ.

ಭಾವ ತುಟಿ ಬಿಚ್ಚಲಿಲ್ಲ. ನಿಧಾನವಾಗಿ ಎರಡೂ ಕೈಗಳನ್ನು ಮೇಲೆತ್ತಿದರು.

ಆಕೆ ಅವರನ್ನೇ ನೋಡಿದಳು. "ಸ್ಟ್ರೆಚ್" ಎಂದಳು. ಭಾವ ಭುಜ ಇಳಿಸಿದರು. "ಶೋಲ್ಡರ್ಸ್ ಡೌನ್." ಉಸಿರೆಳೆದುಕೊಂಡರು. "ಬ್ರೀದ್ ಇನ್. ಹೋಲ್ಡ್. ಸ್ಲೋಲಿ ರಿಲೀಸ್." ಆಮೇಲೆ ಆಕೆ ಭಾವನ ಕಡೆ ನೋಡಲೇ ಇಲ್ಲ. ಮಾತು ನಲ್ಲಿ ನೀರಿನಂತೆ ಬರತೊಡಗಿತು. ಕ್ಲಾಸು ಮುಗಿದಾಗ ಕಿಸಕ್ಕೆಂದವರೇ ಚಪ್ಪಾಳೆ ತಟ್ಟಿದರು. ಕೆಲಸ ಸಿಕ್ಕಿತು.

ನಾನು ಖುಷಿಯಲ್ಲಿ ಆಕೆಯ ಕೈ ಹಿಡಿದು, ನಿಮ್ಮ ದೇಶದ ಪದ್ಧತಿಯೇ ನಿನ್ನನ್ನು ಕಾಪಾಡಿತು ನೋಡು ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಸೋಯನ್ ತಲೆ ತಗ್ಗಿಸಿದಳು. "ಸಾರಿ. ಕೊರಿಯಾ, ಓನ್ಲಿ ಫುಡ್. ಎಕ್ಸರ್ಸೈಸ್, ನೋ. ಅಕ್ಕ ಟೋಲ್ಡ್ ಮಿ. ಸರ್ ಫುಟ್, ಅಕ್ಕ ಕ್ರೈ."

ನಮ್ಮಕ್ಕ! ಅಮಾವಾಸ್ಯೆ ಯಾವತ್ತು ಎಂದು ಕೇಳಿದರೂ ಹೇಳಿದ್ದು ಸುಳ್ಳಾದೀತೆಂದು ಕ್ಯಾಲೆಂಡರು ನೋಡದೆ ಉತ್ತರ ಹೇಳದ ನಮ್ಮಕ್ಕ ಒಂದು ದೇಶಕ್ಕೇ ಇಲ್ಲದ ಪದ್ಧತಿ ಹುಟ್ಟಿಸಿಬಿಟ್ಟಿದ್ದಾಳೆಯೇ!

ಸೋಯನ್ ಕಾಗದಪತ್ರಕ್ಕೆಂದು ಜಿಮ್ಮಿನಲ್ಲೇ ಉಳಿದಳು. ವಾಪಸು ಮೆಟ್ರೋದಲ್ಲಿ ಬರುವಾಗ ಭಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರೇ ಮಾತೆತ್ತಿದರು. "ಗೊತ್ತಾಯ್ತಾ ನಿಂಗೂ?"

"ಭಾವ! ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ವಾರವೇ. ಅವಳ ಗಂಡನ್ನ ಕೇಳ್ದೆ. ಅಂಥದ್ದೇನೂ ಇಲ್ವಲ್ಲ ಸರ್ ಅಂತ ನಕ್ಕುಬಿಟ್ಟ." ಬಗ್ಗಿ ಬೂಟಿನ ದಾರ ಬಿಗಿದರು. "ನಿಮ್ಮಕ್ಕ ಬೈದ್ಲು, ಅತ್ಲು. ಹೆಂಗಸರು ಅಳ್ತಾರೆ ಅಂದ್ಕೊಂಡು ಸುಮ್ನಿದ್ದೆ ಕಣಮ್ಮಾ. ಆದ್ರೆ ಅವಳು ಸುಳ್ಳು ಹೇಳಿದಾಳೆ ಅಂತ ಗೊತ್ತಾದಾಗ ನಂಗೆ ಭಯ ಆಯ್ತು. ಇವಳು ಸುಳ್ಳು ಹೇಳೋಷ್ಟು ಹೆದರಿದಾಳಾ ಅಂತ."

ಮನೆಗೆ ಬಂದಾಗ ಅಕ್ಕ ಗೇಟಿನಲ್ಲೇ ನಿಂತಿದ್ದಳು. "ಏನಾಯ್ತು ರೀ?"

"ಸಿಕ್ತು. ನಾಳೆಯಿಂದಲೇ ಕೆಲಸ."

"ಒಳ್ಳೇದಾಯ್ತು" ಎಂದಳು ಅಕ್ಕ. ಸಂತೋಷದ ಮಾತು, ಆದರೆ ಕಣ್ಣು ಅವರ ಪಾದದ ಮೇಲಿತ್ತು.

"ಆದ್ರೆ ಒಂದು ಫಜೀತಿ ಕಣೇ" ಎಂದರು ಭಾವ, ಗಂಭೀರವಾಗಿ. "ಅವರ ದೇಶದಲ್ಲಿ ಇನ್ನೊಂದು ಪದ್ಧತಿ ಇದೆಯಂತೆ. ಶಿಷ್ಯೆಗೆ ಕೆಲಸ ಸಿಕ್ಕಿ ಹೋದ್ಮೇಲೆ ಮೇಷ್ಟ್ರು ಒಬ್ಬನೇ ನಡೀಬಾರದಂತೆ. ಹೆಂಡ್ತಿ ಜೊತೆಗೆ ಹೋಗ್ಬೇಕಂತೆ. ದಿನಾ."

ಅಕ್ಕ ಅವರನ್ನು ನೋಡಿದಳು. ನನ್ನನ್ನು ನೋಡಿದಳು. ಇಂಥ ಪದ್ಧತಿಗಳು ಎಲ್ಲಿ ಹುಟ್ಟುತ್ತವೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಇವತ್ತಿಂದಲೇನಾ?" ಎಂದಳು.

"ಇವತ್ತಿಂದಲೇ ಅಂತೆ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೆಯೇ ಗೇಟು ದಾಟಿದಳು. ಚರ್ಚಿನ ಕಡೆಯ ರಸ್ತೆಯಲ್ಲಿ ಇಬ್ಬರೂ ನಿಧಾನವಾಗಿ ನಡೆದುಹೋದರು. ಮನೆಯನ್ನು ನೋಡಿಕೋ ಎಂದು ಕೂಡ ನನಗೆ ಹೇಳಲಿಲ್ಲ. ಏನೋ ವಾಸನೆ ಬಂದು ನಾನು ಒಳಗೆ ಓಡಿದರೆ, ಒಲೆಯ ಮೇಲೆ ಹಾಲು ಉಕ್ಕಿ, ಕಟ್ಟೆಯ ತುಂಬಾ ಹರಿಯುತ್ತಿತ್ತು.