ಸಾಹುಕಾರ ಯಾವೂರ ವಾಸಿ?

ಸರ್ಕಾರದ ನೋಟೀಸು ಸುಮ್ಮನೆ ತೆರಿಗೆ ಕೇಳಿ ಹೋಗೋ ಜಾತಿಯದಲ್ಲ. ಕಾಲಿಟ್ಟ ಮನೇಲಿ ಏನಾದರೊಂದು ಬಯಲು ಮಾಡಿಯೇ ಹೋಗುತ್ತೆ. ನಮ್ಮ ಹೊಳೆನರಸೀಪುರದ ಬೀದೀಲಿ ಕಣ್ಣಾರೆ ಕಂಡಿದ್ದು ಹೇಳ್ತೀನಿ.

೧. ಜಗಲಿ

ಬೇಸಾಯದ ಆದಾಯಕ್ಕೂ ರಾಜ್ಯ ಸರ್ಕಾರ ಹೊಸದಾಗಿ ತೆರಿಗೆ ಹಾಕಿದ್ದ ಕಾಲ. ಎದುರುಮನೆ ಹೊಗೆಸೊಪ್ಪು ಬೆಳೆಯೋ ಸಾಹುಕಾರನಿಗೆ, ಇಲ್ಲಿ ಕಟ್ಟಿದ್ದ ತೆರಿಗೇನೇ ರಾಮನಾಥಪುರ ಸೇರಿದ ಅರಕಲಗೂಡು ತಾಲ್ಲೂಕಲ್ಲೂ ಕಟ್ಟು ಅಂತ ನೋಟೀಸು ಬಂತು. ಪೋಸ್ಟಿನವನು ಜಗಲೀಲಿ ನಿಂತು ಗಟ್ಟಿಯಾಗಿ ಓದಿದ: "ರಾಮನಾಥಪುರ ಹೊಳೆಬೀದಿ ಹೆಂಚಿನ ಮನೆಯ ಕಾಯಂ ವಾಸಿಗಳಾದ ತಾವು..."

ಅಕ್ಕಿ ಆರಿಸ್ತಿದ್ದ ಸಾಹುಕಾರನ ಹೆಂಡತಿ ಮೊರ ಕೆಳಗಿಟ್ಟಳು. "ಅಲ್ಲಿ ನಿಮ್ದೇನು ವಾಸ?"

"ತಪ್ಪು ಬರ್ದವ್ರೆ ಕಣೆ. ಸೊಪ್ಪು ತೂಕಕ್ಕೆ ಓಗ್ತೀನಿ, ಬತ್ತೀನಿ."

"ತೂಕ ಮುಗ್ದು ಎಷ್ಟು ತಿಂಗ್ಳಾಯ್ತು? ನೀವು ಓಗೋದು ನಿಂತಿಲ್ವಲ್ಲ."

ಪೋಸ್ಟಿನವನು, "ಪೂರ್ತಿ ಓದ್ಲಾ ಸಾ?" ಅಂದ.

"ಬ್ಯಾಡ" ಅಂದ ಸಾಹುಕಾರ. "ಓದು" ಅಂದಳು ಹೆಂಡತಿ.

೨. ಬಸ್ಸು

ಸಾಹುಕಾರ ಹಾಸನದ ತೆರಿಗೆ ಕಚೇರೀಲಿ ತಕರಾರು ಹಾಕಿದ. ಸಾಹೇಬರು ಎರಡೂ ಊರಿಂದ ಸಾಕ್ಷಿ ಕರ್ಕೊಂಡು ಬನ್ನಿ ಅಂದರು. ನಮ್ಮೂರ ಸಾಕ್ಷಿ ನಾನೇ ಅಂತ ಹೆಂಡತಿ ಹೊರಟಳು. ಜೊತೆಗೆ ನನ್ನನ್ನು ಕರೆದಳು. ಕರೆಯದಿದ್ದರೂ ಹೋಗ್ತಿದ್ದೆ, ಬಿಡಿ.

ಬಸ್ಸಲ್ಲಿ ಅವಳು, ಪಾಪ, ಕೇಳಿದಳು: "ಅಕ್ಕ, ನಿಜ್ವಾಗ್ಲೂ ತಪ್ಪಾಗಿರ್ಬೋದಾ?"

"ಸರ್ಕಾರ ತಪ್ಪು ಮಾಡ್ತದೆ ಕಣವ್ವ. ಆದ್ರೆ ಹೆಂಚು ನೋಡ್ಕೊಂಡು ಮಾಡಾಕಿಲ್ಲ" ಅಂದೆ.

೩. ಸುಣ್ಣ

ರಾಮನಾಥಪುರದ ಸಾಕ್ಷಿ ಯಾರು ಅಂತೀರಿ? ಅದೇ ಹೆಂಚಿನ ಮನೆ ಒಡತಿ. ಸಾಹುಕಾರ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಸಿಯೇ ಕರೆಸಿದ್ದ.

"ಇವರು ನಿಮ್ಮ ಮನೇಲಿ ವಾಸ ಇದ್ದಾರೇನಮ್ಮ?" ಅಂದರು ಸಾಹೇಬರು.

"ಇಲ್ಲ ಸಾ. ಇವ್ರು ಯಾರು ಅಂತ್ಲೇ ಗೊತ್ತಿಲ್ಲ."

ಸಾಹೇಬರು ಹಾಗೇ ಬರೆಯತೊಡಗಿದರು. ಸಾಹುಕಾರನ ಮೀಸೆ ಮೇಲೆದ್ದಿತು. ಗೆದ್ದೆವು ಅಂತ ಒಡತಿ ಎಲೆಚೀಲ ಬಿಚ್ಚಿ ನನಗೂ ಅವನ ಹೆಂಡತಿಗೂ ಎಲೆ ಮಡಿಸಿಕೊಟ್ಟಳು. ಸಾಹುಕಾರನಿಗೆ ಮಾತ್ರ ಬರೀ ಅಡಿಕೆ ಇಟ್ಟು ಮಡಿಸಿದಳು.

"ಸುಣ್ಣ ಮರ್ತ್ಯಲ್ಲವ್ವ" ಅಂದೆ.

"ಅವ್ರಿಗೆ ಸುಣ್ಣ ಆಗಾಕಿಲ್ಲ ಕಣಕ್ಕ. ಬಾಯುರಿ ಅಂತ ರಾತ್ರಿಯೆಲ್ಲ ಒದ್ದಾಡ್ತಾರೆ."

ಸಾಹೇಬರ ಪೆನ್ನು ನಿಂತಿತು. ಹೆಂಡತಿ ಬಾಯಲ್ಲಿದ್ದ ಎಲೆ ಕಿಟಕಿ ಆಚೆ ಉಗಿದು ಬಂದಳು.

"ಹಾಗಾದರೆ ರಾಮನಾಥಪುರದ ವಾಸಿ ಅಂತಲೇ ಬರೆಯಲಾ?" ಅಂದರು ಸಾಹೇಬರು.

"ನಮ್ಮನೆ ಬರೀಬ್ಯಾಡಿ ಸಾ" ಅಂದಳು ಒಡತಿ, "ಆಮೇಲೆ ತೆರ್ಗೆ ನನ್ನ ತಲೆಗೆ ಬಂದಾತು."

"ನಮ್ಮನೇನೂ ಬರೀಬ್ಯಾಡಿ" ಅಂದಳು ಹೆಂಡತಿ.

"ಮತ್ತೆ ನೋಟೀಸು ಎಲ್ಲಿಗಮ್ಮ ಕಳಿಸೋದು?" ಅಂತ ಸಾಹೇಬರು ಅವಳನ್ನೇ ಕೇಳಿದರು.

"ಬಸ್‌ಸ್ಟ್ಯಾಂಡಿಗೆ ಕಳ್ಸಿ ಸಾ. ಇನ್ಮೇಲೆ ಅಲ್ಲೇ ಕಾಯಂ ವಾಸ."