ಒರಗಲಿಕ್ಕೊಂದು ಡಬ್ಬಿ

ಹೆಂಡತಿ ಕುಳಿತ ಆಟೋದ ಹಿಂದೆಯೇ, ಅದೇ ವೇಗದಲ್ಲಿ ಬೈಕು ಬಿಟ್ಟುಕೊಂಡು ಮದುವೆ ಊಟಕ್ಕೆ ಹೋಗುವ ಗಂಡಸು ಇಡೀ ಕಾಸರಗೋಡು ಜಿಲ್ಲೆಯಲ್ಲಿ ಒಬ್ಬರೇ ಇರುವುದು. ನನ್ನ ದುರದೃಷ್ಟಕ್ಕೆ ಅವರು ನನ್ನ ಸೋದರಮಾವ.

ಅತ್ತೆಗೆ ಬೆನ್ನುನೋವು ಶುರುವಾದದ್ದು ಕಳೆದ ಮಳೆಗಾಲ ಮುಗಿದ ಮೇಲೆ. ಮದುವೆಯಾದಂದಿನಿಂದ ಮಾವನ ಬೈಕಿನ ಹಿಂದಿನ ಸೀಟು ಬಿಟ್ಟು ಬೇರೆಲ್ಲೂ ಕೂತವರಲ್ಲ. ಈಗ ರಸ್ತೆಯ ಹಂಪುಗಳಿಗೆ ಹೆದರಿ ಆಟೋ ಹತ್ತಿದರು. ನೀವೂ ಆಟೋದಲ್ಲೇ ಕೂತರೆ ಎಂತ ಮಾವ ಎಂದು ಕೇಳಿದೆ. "ಅದರೊಳಗೆ ಕೂತರೆ ನನಗೆ ರಸ್ತೆ ಕಾಣುವುದಿಲ್ಲ ಮಾರಾಯ" ಎಂದರು. ಆಟೋದವನಿಗೂ ದುಡ್ಡು, ಪೆಟ್ರೋಲಿಗೂ ದುಡ್ಡು. ಇಂಥವರಿಗೆ ಯಾರು ಏನು ಹೇಳುವುದು?

ಒಮ್ಮೆ ಹೊಸ ಆಟೋದವನೊಬ್ಬ ಬೋವಿಕಾನದಲ್ಲಿ ಗಾಡಿ ಬದಿಗೆ ನಿಲ್ಲಿಸಿ, ಅತ್ತೆಯ ಹತ್ತಿರ ಗುಟ್ಟಿನಲ್ಲಿ ಹೇಳಿದನಂತೆ: "ಅಕ್ಕಾ, ಒಬ್ಬ ಮನುಷ್ಯ ಮುಳ್ಳೇರಿಯದಿಂದ ನಮ್ಮ ಹಿಂದೆಯೇ ಬರ್ತಾ ಇದ್ದಾನೆ."

"ಗೊತ್ತುಂಟು. ಇಪ್ಪತ್ತಾರು ವರ್ಷದಿಂದ ಬರ್ತಾ ಇದ್ದಾರೆ" ಎಂದರಂತೆ ಅತ್ತೆ.

ಹಿಂದೆ ಒರಗಲಿಕ್ಕೆ ಏನಾದರೂ ಇದ್ದರೆ ಬೈಕಿನಲ್ಲಿ ಹೋಗಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಮಾವ ನನ್ನಲ್ಲಿಗೆ ಬಂದರು. ಬೈಕಿನ ಹಿಂದೆ ಸಾಮಾನಿಗೆಂದು ಕೂರಿಸುತ್ತಾರಲ್ಲ, ಆ ಟಾಪ್ ಬಾಕ್ಸ್ ಬೇಕಂತೆ. ಅದರ ಎದುರಿಗೆ ದಿಂಬಿನಂಥ ಕುಶನ್ ಇರಬೇಕು, ರೇಟು ಕಮ್ಮಿ ಇರಬೇಕು. ಹೆಂಡತಿಗಾಗಿ ಎಂದು ಬಾಯಿಬಿಟ್ಟು ಹೇಳುವ ಜನವೇ ಅವರು? "ಹಿಂದೆ ಭಾರ ಇಲ್ಲದಿದ್ದರೆ ಬೈಕು ಹಾರ್ತದೆ ಮಾರಾಯ. ಬ್ಯಾಲೆನ್ಸೇ ಸಿಗುವುದಿಲ್ಲ" ಎಂದರು.

ಅಂಗಡಿಗೆ ಬಂದು ಕೂತು ನೋಡಿ ಎಂದರೆ ಅತ್ತೆ ಒಪ್ಪಲಿಲ್ಲ. "ನಾಲ್ಕು ಜನರ ಎದುರು ಅಳತೆ ಕೊಡ್ಲಿಕ್ಕೆ ನಾನೆಂತ ಅಕ್ಕಿಮುಡಿಯಾ?" ಎಂದು ಒಳಗೆ ಹೋದರು. ನಾನು ಅತ್ತೆಯಷ್ಟೇ ಎತ್ತರ. ಹಾಗಾಗಿ ಆ ದಿನದಿಂದ ನನ್ನ ಬೆನ್ನು ಮಾವನ ಸ್ವತ್ತಾಯಿತು. ದಿನಚರಿ ಬರೆಯುವ ನನ್ನ ಅಭ್ಯಾಸ ಅವರಿಗೆ ಗೊತ್ತಿದ್ದುದರಿಂದ, ಯಾವ ಡಬ್ಬಿ ಬೆನ್ನಿನ ಯಾವ ಭಾಗಕ್ಕೆ ತಾಗಿತು ಎಂದು ಬರೆದಿಡುವ ಕೆಲಸವೂ ನನ್ನ ತಲೆಗೇ ಬಂತು.

ಮೊದಲ ಶನಿವಾರ ನಾಯ್ಮಾರ್ಮೂಲೆ ಪೇಟೆಯ ಒಂದು ಅಂಗಡಿ. ಅಂಗಡಿಯವರು ಖುಷಿಯಿಂದಲೇ ಎದ್ದು ಬಂದರು.

"ಎಷ್ಟು ಲೀಟರಿನದ್ದು ಬೇಕು?"

"ಲೀಟರಾ? ನಾನು ಅದರಲ್ಲಿ ಹಾಲು ತರ್ಲಿಕ್ಕಿಲ್ಲ."

"ಹಾಗಲ್ಲ, ಇದರ ಒಳಗೆ ಎರಡು ಹೆಲ್ಮೆಟ್ ಹಿಡಿಯುತ್ತದೆ."

"ಒಳಗಿನದ್ದು ಬಿಡಿ. ಹೊರಗೆ ಒಂದು ಬೆನ್ನು ಹಿಡಿಯುತ್ತದಾ?"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ. ಮಾವ ನನ್ನನ್ನು ಬೈಕಿನ ಮೇಲೆ ಹತ್ತಿಸಿ, ಹಿಂದೆ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತು, "ಒರಗು" ಎಂದರು. ಒರಗಿದೆ. "ನೋಯ್ತದಾ?" ನೋಯುವುದಿಲ್ಲ ಎಂದೆ. "ನಿನಗೆ ನೋಯ್ಲಿಕ್ಕೆ ನಿನ್ನ ಪ್ರಾಯ ಎಷ್ಟು?" ಎಂದು ಬೈದರು. ಮುಂದಿನ ಅಂಗಡಿಯಲ್ಲಿ ಜಾಗ್ರತೆಯಿಂದ ನೋಯುತ್ತದೆ ಎಂದೆ. "ಈಗಿನ ಮಕ್ಕಳಿಗೆ ಎಲ್ಲಾ ನೋವೇ" ಎಂದರು.

ಅಲ್ಲಿಯೇ ಅಲ್ಯೂಮಿನಿಯಂನದ್ದೊಂದು ಭಾರೀ ಚೆಂದದ ಪೆಟ್ಟಿಗೆ ಇತ್ತು. ಅದರ ಚೀಟಿ ಓದಿ ಮಾವ ಕನ್ನಡಕ ತೆಗೆದು ಒರೆಸಿದರು. ಇದರ ಬೆಲೆಗೆ ನನ್ನ ಬೈಕನ್ನು ಎರಡು ಸಲ ಮಾರಬೇಕಾಗ್ತದೆ ಎಂದರು. ಅವರ ಬೈಕು ಕಂಡವರಿಗೆ ಇದು ಬರೀ ಬಡಾಯಿ. ನಾಲ್ಕು ಸಲ ಮಾರಿದರೂ ಆಗದು.

ಕಮ್ಮಿಯದ್ದು ಬೇಕೆಂದು ಮೊಬೈಲಿನಲ್ಲಿ ಹುಡುಕಿ ಒಂದನ್ನು ತರಿಸಿಯೂ ಆಯಿತು. ಚಿತ್ರದಲ್ಲಿ ಅದು ಆನೆಯ ಅಂಬಾರಿಯ ಹಾಗಿತ್ತು. ಬಂದದ್ದು ತಿಂಡಿ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅತ್ತೆ ಅದರಲ್ಲಿ ನೀರುಳ್ಳಿ ತುಂಬಿಸಿ ಅಡುಗೆಮನೆಯಲ್ಲಿಟ್ಟರು.

ಐದು ಶನಿವಾರ ಕಳೆಯಿತು. ನನ್ನ ದಿನಚರಿಯ ಪ್ರಕಾರ ಒರಗಿದ ಡಬ್ಬಿಗಳು ಹನ್ನೊಂದು, ಬೈಕು ಹತ್ತಿದ್ದು ಸೊನ್ನೆ. ಕೊನೆಗೆ ಬೋವಿಕಾನದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ, ಗಲ್ಫಿಗೆ ಹೊರಟ ಯಾರೋ ಬೈಕಿನಿಂದ ಕಳಚಿ ಮಾರಿದ ಹಳೆಯ ಡಬ್ಬಿ ಸಿಕ್ಕಿತು. ಕುಶನ್ ಮೆತ್ತಗೆ, ಬೀಗ ಗಟ್ಟಿ, ರೇಟು ಅರ್ಧ. ನನ್ನ ಬೆನ್ನಿಗೆ ಹದವಾಗಿ ತಾಗಿತು. ಮಾವ ಚೌಕಾಶಿ ಮಾಡುವುದನ್ನೂ ಮರೆತು ಕೊಂಡರು.

ಮನೆಗೆ ಬಂದು ಹಾರ್ನ್ ಹೊಡೆದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು, ಇಪ್ಪತ್ತಾರು ವರ್ಷ ಕೂತ ಹಾಗೆಯೇ, ಎರಡೂ ಕಾಲನ್ನು ಎಡಬದಿಗೆ ಇಳಿಬಿಟ್ಟು ಅಡ್ಡಲಾಗಿ ಕೂತರು. ಡಬ್ಬಿಯ ಮೂಲೆ ನೇರವಾಗಿ ಪಕ್ಕೆಗೆ ಚುಚ್ಚಿತು.

"ನನ್ನ ಬೆನ್ನು ಇರುವುದು ಇಲ್ಲಿ. ನೀವು ಡಬ್ಬಿ ಇಟ್ಟದ್ದು ಅಲ್ಲಿ" ಎಂದರು ಅತ್ತೆ.

ನಾನು ಪ್ಯಾಂಟು ಹಾಕಿ, ಎರಡು ಬದಿಗೂ ಕಾಲು ಹಾಕಿ, ಹನ್ನೆರಡು ಡಬ್ಬಿಗೆ ಒರಗಿದವನು. ಸೀರೆಯುಟ್ಟವರು ಹೇಗೆ ಕೂರುತ್ತಾರೆ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾವ ಅತ್ತೆಯನ್ನು ಇಳಿಸಿ, ಬೈಕು ತಿರುಗಿಸಿ ಮೆಕ್ಯಾನಿಕ್ಕಿನ ಹತ್ತಿರವೇ ಹೋದರು. ನಾನೂ ಹೋದೆ, ಹೋಗದೆ ಇರಲಿಕ್ಕೆ ಆಗುತ್ತದೆಯೇ?

"ಇದನ್ನು ಬಲಬದಿಗೆ ಕೂರಿಸ್ಲಿಕ್ಕೆ ಆಗ್ತದಾ?"

"ಆಗ್ತದೆ" ಎಂದರು ಮೆಕ್ಯಾನಿಕ್. "ಎದುರಿನಿಂದ ಬರುವ ಬಸ್ಸಿನವರನ್ನೂ ಒಂದು ಮಾತು ಕೇಳಿಬಿಡಿ."

ಆ ರಾತ್ರಿ ಮಾವ ಊಟಕ್ಕೂ ಸರಿಯಾಗಿ ಕೂರಲಿಲ್ಲ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಡಬ್ಬಿ ಬೈಕಿನ ಮೇಲೆ ಹಾಗೆಯೇ ಉಳಿಯಿತು, ಸಾಮಾನೂ ಇಲ್ಲ, ಬೆನ್ನೂ ಇಲ್ಲ.

ಮುಂದಿನ ಭಾನುವಾರ ಬೋವಿಕಾನದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಊಟವಿತ್ತು. ನಾನು ಸ್ಕೂಟರಿನಲ್ಲಿ ಅವರ ಮನೆಗೆ ಹೋದೆ. ಆಟೋಕ್ಕೆ ಫೋನ್ ಮಾಡಲೇ ಎಂದು ಕೇಳುವಷ್ಟರಲ್ಲಿ ಅತ್ತೆ ಹೊರಗೆ ಬಂದರು, ಚೂಡಿದಾರ ಹಾಕಿಕೊಂಡು. ಮಗಳು ಯಾವಾಗಲೋ ಹೊಲಿಸಿ ಕೊಟ್ಟದ್ದು. ಈ ಪ್ರಾಯದಲ್ಲಿ ಇದೆಂತ ವೇಷ ಎಂದು ಕಪಾಟಿನಲ್ಲೇ ಮಡಚಿಟ್ಟದ್ದು. ನಮ್ಮಿಬ್ಬರ ಮುಖವನ್ನೂ ನೋಡದೆ ಬೈಕಿನ ಹತ್ತಿರ ಹೋದರು.

"ನಗಾಡಿದರೆ ಇಳಿದು ಹೋಗ್ತೇನೆ."

ಯಾರೂ ನಗಲಿಲ್ಲ. ಕಾಲು ಎತ್ತಿ ಆಚೆ ಹಾಕಲಿಕ್ಕೆ ಕಷ್ಟವಾಯಿತು, ಮಾವ ಬೈಕನ್ನು ವಾಲಿಸಿ ಹಿಡಿದರು. ಅತ್ತೆ ಹಿಂದಕ್ಕೆ ಒರಗಿದರು.

"ತಾಗಿತಾ?"

"ತಾಗಿತು. ಚೆಂದ ಉಂಟು. ಹೋಗುವ."

ಅವರ ಹಿಂದೆಯೇ ನಾನು ಹೊರಟೆ. ಮೊದಲ ಹಂಪಿನ ವರೆಗೆ ಅತ್ತೆ ಮಹಾರಾಣಿಯ ಹಾಗೆ ಒರಗಿಯೇ ಇದ್ದರು. ಹಂಪು ಬಂದಾಗ ಮುಂದಕ್ಕೆ ಬಾಗಿ ಮಾವನ ಹೆಗಲು ಹಿಡಿದರು. ಹಂಪು ದಾಟಿತು, ಕೈ ತೆಗೆಯಲಿಲ್ಲ. ಬೋವಿಕಾನದ ವರೆಗೂ ಆ ಕೈ ಅಲ್ಲಿಯೇ ಇತ್ತು. ಮಾವನೂ ಎಷ್ಟು ನಿಧಾನ ಬಿಟ್ಟರೆಂದರೆ, ನನ್ನ ಸ್ಕೂಟರು ಎರಡು ಸಲ ಆಫ್ ಆಯಿತು. ಐದು ಶನಿವಾರ ಹುಡುಕಿ ತಂದ ಆ ಕುಶನಿಗೂ ಅತ್ತೆಯ ಬೆನ್ನಿಗೂ ನಡುವೆ ಒಂದು ಗೇಣು ಜಾಗ. ದಾರಿಯುದ್ದಕ್ಕೂ ಅದರ ಮೇಲೆ ಬಿಸಿಲು ಬೀಳುತ್ತಿತ್ತು.